ಸಾಮಾನು ಕಾಯುವ ಕೆಲಸ

ತಿರುವನಂತಪುರದ ಮೃಗಾಲಯದಲ್ಲಿ ನೀರುಕುದುರೆ ಇದೆಯೇ ಎಂಬ ಪ್ರಶ್ನೆ ರಾಮದಾಸರ ಮನೆಯಲ್ಲಿ ಎದ್ದದ್ದು ಒಂದು ಬುಧವಾರ, ಊಟದ ಹೊತ್ತಿನಲ್ಲಿ. ಕೇಳಿದವಳು ಏಳು ವರ್ಷದ ಮೊಮ್ಮಗಳು ಸಮೀಕ್ಷಾ. ರಾಮದಾಸರ ಅಣ್ಣ, ಅದೇ ಊರಿನಲ್ಲಿದ್ದ ಕೃಷ್ಣಾನಂದರಿಗೆ ಎಪ್ಪತ್ತು ತುಂಬುವುದಿತ್ತು. ಮುಂದಿನ ತಿಂಗಳು ಅವರ ಶಾಂತಿಹೋಮಕ್ಕೆ ಕೊಚ್ಚಿಯಿಂದ ಮನೆಮಂದಿಯೆಲ್ಲ ಹೋಗುವುದೆಂದು ಆಗಷ್ಟೇ ನಿಶ್ಚಯವಾಗಿತ್ತು.

"ಅಜ್ಜೀ, ಅವಿಡೆ ಹಿಪ್ಪೋ ಉಂಡೋ?" ಎಂದಳು ಸಮೀಕ್ಷಾ. ಅವಳು ಹುಟ್ಟಿ ಬೆಳೆದದ್ದು ಪಾಲಾರಿವಟ್ಟದ ಈ ಫ್ಲ್ಯಾಟಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮಲಯಾಳ.

"ಉಂಟಂತೆ. ಅಜ್ಜ ನೋಡಿದ್ದಾರೆ," ಎಂದರು ಮೋಹಿನಿಯಮ್ಮ, ಕುಚ್ಚಲಕ್ಕಿ ಅನ್ನಕ್ಕೆ ಮಜ್ಜಿಗೆ ಬಡಿಸುತ್ತ.

"ಬಾಯಿ ತೆರೆದರೆ ಇಷ್ಟು ದೊಡ್ಡದು!" ರಾಮದಾಸರು ಎಂಜಲು ಕೈಯನ್ನೂ ಸೇರಿಸಿ ಎರಡೂ ಕೈ ಅಗಲಿಸಿದರು. "ಮದುವೆ ಆದ ವರ್ಷ ನೋಡಿದ್ದು. ಒಳಗೆ ಒಬ್ಬ ಮನುಷ್ಯ ಕೂತ್ಕೊಳ್ಳಬಹುದು."

"ಅಜ್ಜಿ ಕಂಡಿಲ್ಲೇ?"

"ನಾನು ಗೇಟಿನ ಹತ್ತಿರ ಇದ್ದೆ. ಸಾಮಾನು ನೋಡಿಕೊಳ್ಳಿಕ್ಕೆ."

ಸೊಸೆ ನಿಶಾ ತಟ್ಟೆಯಿಂದ ತಲೆ ಎತ್ತಿದಳು. ಮೈಸೂರಿನ ಹುಡುಗಿ, ಪಾಲಾರಿವಟ್ಟದ ಬ್ಯಾಂಕಿನಲ್ಲಿ ಆಫೀಸರು. ಲೆಕ್ಕ ತಾಳೆಯಾಗದಿದ್ದರೆ ಬಿಡುವ ಸ್ವಭಾವ ಅವಳದಲ್ಲ. "ಅತ್ತೆ, ಪದ್ಮನಾಭಸ್ವಾಮಿ ದೇವಸ್ಥಾನ ನೋಡಿದೀರಲ್ವಾ?"

"ಮೆಟ್ಟಿಲಿನ ತನಕ."

"ಕೋವಳಂ?"

"ಅಲ್ಲಿ ಒಂದು ಹೋಟೆಲಿನ ಜಗಲಿ ಉಂಟು. ಒಳ್ಳೆ ನೆರಳು."

"ಒಟ್ಟು ಎಷ್ಟು ಸಲ ಹೋಗಿದೀರಿ ಅಲ್ಲಿಗೆ?"

"ಒಂಬತ್ತು," ಎಂದರು ಮೋಹಿನಿಯಮ್ಮ. "ಸ್ಟೇಷನ್ ಮಾತ್ರ ಪೂರಾ ಗೊತ್ತುಂಟು. ಯಾವ ಕಂಬದ ಬುಡದಲ್ಲಿ ಗಾಳಿ ಬರ್ತದೆ, ಎಷ್ಟು ಗಂಟೆಗೆ ಬಿಸಿಲು ಎಲ್ಲಿಗೆ ತಿರುಗ್ತದೆ, ಕೇಳಿ, ಹೇಳ್ತೇನೆ."

ಮಗ ಸುಧನ್ವ ಜೋರಾಗಿ ನಕ್ಕ. ರಾಮದಾಸರೂ ನಕ್ಕರು. ಮೋಹಿನಿಯಮ್ಮ ನಗಲಿಲ್ಲ. ಸೌಟನ್ನು ಮಜ್ಜಿಗೆ ಪಾತ್ರೆಯಲ್ಲಿ ಬಿಟ್ಟು, "ಈ ಸಲ ನಾನು ಸಾಮಾನು ಕಾಯುದಿಲ್ಲ. ಮೊದಲೇ ಹೇಳಿದ್ದೇನೆ. ಮತ್ತೆ ಅಲ್ಲಿ ಬಂದು ಗಲಾಟೆ ಬೇಡ," ಎಂದರು.

"ಅದರಲ್ಲಿ ಕಾಯ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಸುಮ್ಮನೆ ಕೂತ್ಕೊಳ್ಳುದು. ನಾವು ಬಿಸಿಲಲ್ಲಿ ತಿರುಗುದು, ನೀನು ನೆರಳಲ್ಲಿ. ಆರಾಮದ ಕೆಲಸ."

"ಆರಾಮ ಅಲ್ವಾ? ಹಾಗಾದ್ರೆ ನೀವು ಮಾಡಿ."

ರಾಮದಾಸರು ಇನ್ನೊಂದು ಮಾವಿನ ಮಿಡಿ ಕೇಳಿದರು. ಮಾತು ಅಲ್ಲಿಗೆ ಮುಗಿಯಿತೆಂದೇ ಅವರು ತಿಳಿದದ್ದು.

ಕಾಸರಗೋಡಿನಿಂದ ಕೆಲಸಕ್ಕೆಂದು ಬಂದು ಕೊಚ್ಚಿಯಲ್ಲೇ ನೆಲೆಯಾದವರು ರಾಮದಾಸರು. ಸರಕಾರಿ ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷ ಕೇಸಿನ ಕಡತಗಳನ್ನು ಕಟ್ಟಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ಅವರು ಹಾಕಿದ ಗಂಟು ಅವರೇ ಬಿಚ್ಚಬೇಕು. ಮದುವೆಗೂ ಮೊದಲು ಒಮ್ಮೆ ಕೋಯಿಕ್ಕೋಡಿನಲ್ಲಿ ಯಾರದೋ ಮನೆಯಲ್ಲಿ ಸ್ನಾನಕ್ಕೆ ಹೋಗಿ, ಮಗ್ಗು ಇಲ್ಲದೆ, ಒಳಗಿನಿಂದ ಕೂಗಿ ಕೂಗಿ ಕೊನೆಗೆ ಆ ಮನೆಯ ಹೊಸ ಮದುಮಗಳು ಬಾಗಿಲ ಸಂದಿಯಲ್ಲಿ ಚೊಂಬು ಕೊಡಬೇಕಾಯಿತು. ಅಂದಿನಿಂದ ಅವರ ಪ್ರಯಾಣದ ತತ್ತ್ವ ಒಂದೇ: ಹೋದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಬಾರದು. ಆದ್ದರಿಂದ ಬಕೆಟ್ಟು, ಮಗ್ಗು, ಹಾಸಿಗೆ, ದಿಂಬು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಣಹಾಕುವ ಹಗ್ಗ, ಒಂದು ಬಲ್ಬು ಇಷ್ಟು ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತಿದ್ದವು. ಹಿಂದಿನ ಸಲ ಸಾಮಾನು ಹನ್ನೊಂದು ನಗ ಆಗಿತ್ತು.

ಹೊರಡಲು ಮೂರು ವಾರ ಇರುವಾಗಲೇ ಅವರು ಹಾಲ್‌ನಲ್ಲಿ ಸಾಮಾನು ಹರಡಿದರು. ಊಟದ ಮೇಜಿಗೆ ಹೋಗಬೇಕಾದರೆ ಬಕೆಟ್ಟು ದಾಟಿ ಹೋಗಬೇಕಾಯಿತು.

"ಮಾವ, ಲಾಡ್ಜಿನಲ್ಲಿ ಬಕೆಟ್ ಇರುತ್ತೆ," ಎಂದಳು ನಿಶಾ.

"ಇರ್ತದೆ. ಎಷ್ಟು ಜನ ಮುಟ್ಟಿದ್ದು ಅಂತ ಗೊತ್ತುಂಟಾ ನಿನಗೆ?"

"ಹಾಸಿಗೆ?"

"ನನ್ನ ಸೊಂಟ ನನ್ನ ಹಾಸಿಗೆಯ ಮಾತು ಮಾತ್ರ ಕೇಳುದು."

ನಿಶಾ ಫೋನಿನಲ್ಲಿ ಪ್ಯಾಕಿಂಗ್ ವೀಡಿಯೊಗಳನ್ನು ನೋಡುತ್ತಿದ್ದಳು. ಬಟ್ಟೆ ಮಡಚಬಾರದು, ಸುರುಳಿ ಸುತ್ತಬೇಕು. ಕಾಲುಚೀಲ ಬೂಟಿನೊಳಗೆ ತುಂಬಬೇಕು. ಮಾವನಿಗೆ ಬುದ್ಧಿ ಬರಲೆಂದು ಅವಳು ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲಗಳನ್ನು ತರಿಸಿದಳು. ಭಾನುವಾರ ಸುಧನ್ವ ಒಂದು ಚೀಲದೊಳಗೆ ಹಾಸಿಗೆ ಹಾಕಿ, ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಇಟ್ಟು ಗಾಳಿ ಎಳೆದ. ಹಾಸಿಗೆ ಕಣ್ಣೆದುರೇ ಮುದುಡಿ ಮುದುಡಿ ದಪ್ಪ ಹಪ್ಪಳದ ಹಾಗಾಯಿತು.

ರಾಮದಾಸರು ಅದನ್ನು ತಟ್ಟಿ ನೋಡಿದರು. ಮುಖ ಅರಳಿತು.

"ಇದು ಒಳ್ಳೆದುಂಟು ನಿಶಾ! ಎಷ್ಟು ಜಾಗ ಉಳಿಯಿತು ನೋಡು. ಹಾಗಾದ್ರೆ ಇಂಡಕ್ಷನ್ ಒಲೆಯನ್ನೂ ಇಡಬಹುದು."

"ಮಾವ, ಜಾಗ ಉಳಿಸೋದು ಖಾಲಿ ಬಿಡೋಕೆ..."

"ಖಾಲಿ ಯಾಕೆ ಬಿಡುದು? ಸುಧನ್ವ, ಎರಡನೇ ಹಾಸಿಗೆ ತಾ."

ಹನ್ನೊಂದು ನಗ ಏಳಾಯಿತು. ಆದರೆ ಒಂದೊಂದನ್ನು ಎತ್ತಲು ಇಬ್ಬರು ಬೇಕಾಯಿತು. ನಿಶಾಳೂ ಸುಮ್ಮನಿರಲಿಲ್ಲ. ಸುರುಳಿ ಸುತ್ತಿದ್ದರಿಂದ ಮೂರು ದಿನದ ಬಟ್ಟೆಯ ಜಾಗದಲ್ಲಿ ಎಂಟು ದಿನದ ಬಟ್ಟೆ ಹಿಡಿಯಿತೆಂದು ಎಂಟು ದಿನದ್ದನ್ನೂ ತನ್ನ ಟ್ರಾಲಿಯಲ್ಲಿ ಇಟ್ಟಳು. ಹೋಗುವುದು ಎರಡು ದಿನಕ್ಕೆ ಎಂದು ಸುಧನ್ವ ನೆನಪಿಸಿದ್ದಕ್ಕೆ, "ನಿಮಗೆ ಗೊತ್ತಾಗಲ್ಲ, ಸುಮ್ನಿರಿ," ಎಂದಳು.

ಈ ಗದ್ದಲದಲ್ಲಿ ಮೋಹಿನಿಯಮ್ಮ ಒಂದು ದಿನ ಒಬ್ಬರೇ ಮಟ್ಟಾಂಚೇರಿಯ ಪೇಟೆಗೆ ಹೋದರು. ನಿರ್ಮಲಕ್ಕನಿಗೆ, ಅಂದರೆ ಕೃಷ್ಣಾನಂದರ ಹೆಂಡತಿಗೆ, ಏಲಕ್ಕಿ ತರುವುದು ನೆಪ. ಏಲಕ್ಕಿಯ ಜೊತೆಗೆ ಬೆನ್ನಿಗೆ ಹಾಕುವ ಒಂದು ಸಣ್ಣ ಬ್ಯಾಗೂ ಬಂತು. ಕಡು ನೀಲಿ, ಶಾಲೆಯ ಮಕ್ಕಳು ಹಾಕುವಂಥದ್ದು. ಅದರಲ್ಲಿ ಅವರು ಎರಡು ಸೀರೆ, ರವಕೆ, ಒಳಲಂಗ, ಒಂದು ತೆಳು ಟವೆಲು, ಬಾಚಣಿಗೆ, ಬಿ.ಪಿ. ಮಾತ್ರೆ ಇಟ್ಟು ಜಿಪ್ ಎಳೆದರು. ಏಲಕ್ಕಿ ಹಿಡಿಸಿಯೂ ಜಾಗ ಉಳಿಯಿತು. ಉಳಿದ ಜಾಗವನ್ನು ಹಾಗೇ ಬಿಟ್ಟರು.

ಮರುದಿನದಿಂದ ಬೆಳಗ್ಗೆ ಆರು ಗಂಟೆಗೆ, ದೋಸೆ ಹಿಟ್ಟು ಕಲಕಿಟ್ಟು, ಆ ಬ್ಯಾಗನ್ನು ಸೀರೆಯ ಮೇಲೆ ಬೆನ್ನಿಗೆ ಹಾಕಿ ಅವರು ಹೊರಡಲು ಶುರು ಮಾಡಿದರು. ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಹತ್ತಿ, ಇಳಿದು, ವಾಪಸು. ಐವತ್ತೆಂಟು ವರ್ಷದ ಮೊಣಕಾಲು. ಮೊದಲ ದಿನ ಮೂರು ಕಡೆ ನಿಲ್ಲಬೇಕಾಯಿತು, ವಾರದ ಕೊನೆಗೆ ಒಂದು ಕಡೆ.

ಎದುರು ಫ್ಲ್ಯಾಟಿನ ಕಲ್ಯಾಣಿ ದಿನವೂ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳುತ್ತ, "ಎಙ್ಙೋಟ್ಟಾ ಚೇಚೀ?" ಎಂದು ಕೇಳುತ್ತಿದ್ದಳು, ಎಲ್ಲಿಗೆ ಅಕ್ಕ ಎಂದು. ಮೋಹಿನಿಯಮ್ಮ, "ವೆರುದೆ," ಎಂದು ಇಳಿದುಬಿಡುತ್ತಿದ್ದರು. ಸುಮ್ಮನೆ, ಎಂದರೆ ಯಾರು ನಂಬುತ್ತಾರೆ?

ಆರನೇ ದಿನ ಸಂಜೆ ರಾಮದಾಸರು ಲಿಫ್ಟಿನಿಂದ ಇಳಿದು ಬಂದದ್ದು ಕೆಂಪು ಮುಖದಲ್ಲಿ.

"ಮೋಹಿನಿ! ಫ್ಲ್ಯಾಟಿನವರ ಸೆಕ್ರೆಟರಿ ನನ್ನನ್ನು ಕೆಳಗೆ ಕೂರಿಸಿ ಬುದ್ಧಿ ಹೇಳಿದ! ವಯಸ್ಸಾದ ಮೇಲೆ ಹೆಂಡತಿ ಹತ್ತಿರ ಜಗಳ ಒಳ್ಳೆದಲ್ಲವಂತೆ. ನೀನು ದಿನಾ ಮನೆ ಬಿಟ್ಟು ಹೋಗುದಂತೆ, ಮತ್ತೆ ಮನಸ್ಸು ಕರಗಿ ವಾಪಸ್ ಬರುದಂತೆ!"

ಸುಧನ್ವ ನಗು ತಡೆಯಲಾಗದೆ ಅಡಿಗೆಮನೆಗೆ ಓಡಿದ.

"ಬರುದು ಮನಸ್ಸು ಕರಗಿ ಅಲ್ಲ, ದೋಸೆ ಹೊಯ್ಯಲಿಕ್ಕೆ," ಎಂದರು ಮೋಹಿನಿಯಮ್ಮ.

"ನನ್ನ ಮರ್ಯಾದೆ ಎಂತ ಆಯಿತು?"

"ಮೂವತ್ತೈದು ವರ್ಷ ನಾನು ಊರೂರಿನ ಸ್ಟೇಷನ್ನಿನಲ್ಲಿ ಗಂಟು ಮೂಟೆ ನಡುವೆ ಕೂತದ್ದಲ್ಲ, ಆಗ ಎಲ್ಲಿತ್ತು ಅದು?"

"ಕೂತ್ಕೊಳ್ಳಿಕ್ಕೆ ಹೇಳಿದ್ದು ನಿನ್ನನ್ನು ನಂಬಿ! ಬೇರೆ ಯಾರನ್ನು ನಂಬುದು?"

"ನಂಬಿದ್ದು ಸಾಕು. ಒಮ್ಮೆ ಕರ್ಕೊಂಡು ಹೋಗಿ."

ಇದಾದ ಮೇಲೆ ಮೂರು ದಿನ ಗಂಡಹೆಂಡಿರಿಗೆ ಮಾತಿಲ್ಲ. ಹೇಳಬೇಕಾದ್ದನ್ನೆಲ್ಲ ಸಮೀಕ್ಷಾಳ ಮೂಲಕ ಹೇಳುತ್ತಿದ್ದರು. ಅವಳ ಮಲಯಾಳದಲ್ಲಿ ಮಾತು ಇನ್ನಷ್ಟು ಒರಟಾಗುತ್ತಿತ್ತು. "ದೋಸೆ ಆಗಿದೆ, ತಣ್ಣಗಾಗುವ ಮೊದಲು ಬರ್ಲಿಕ್ಕೆ ಹೇಳು," ಎಂದು ಅಜ್ಜಿ ಕಳಿಸಿದರೆ, ಅವಳು ಬಾಗಿಲಲ್ಲಿ ನಿಂತು, "ಅಜ್ಜಾ, ದೋಶ. ವೇಣಮೆಂಗಿಲ್ ವಾ," ಎನ್ನುತ್ತಿದ್ದಳು. ಬೇಕಾದರೆ ಬಾ ಎಂದು ಹೆಂಡತಿ ಹೇಳಿಕಳಿಸಿದಳೆಂದೇ ತಿಳಿದು ರಾಮದಾಸರು ಇನ್ನೂ ಅರ್ಧ ಗಂಟೆ ಕೂತಲ್ಲೇ ಕೂರುತ್ತಿದ್ದರು. ದೋಸೆ ಚರ್ಮದ ಹಾಗಾಗುತ್ತಿತ್ತು.

ಹೊರಡುವ ಹಿಂದಿನ ದಿನ ಮೌನ ಮುರಿದವರು ರಾಮದಾಸರೇ. ಮಿಡಿ ಉಪ್ಪಿನಕಾಯಿಯ ಭರಣಿ ಕೈಯಲ್ಲಿ ಹಿಡಿದು, "ಇದಕ್ಕೆ ನಿನ್ನ ಬ್ಯಾಗಿನಲ್ಲಿ ಜಾಗ ಉಂಟಲ್ಲ?" ಎಂದರು.

"ಜಾಗ ಉಂಟು. ಇಡುದಿಲ್ಲ."

ಶನಿವಾರ ನಸುಕಿನಲ್ಲಿ ಎರ್ನಾಕುಳಂನಲ್ಲಿ ರೈಲು ಹತ್ತಿದರು. ಮೇಲಿನ ಕಂಬಿಯಲ್ಲಿ ಹಿಡಿಸದ ಸಾಮಾನು ಸೀಟಿನ ಅಡಿಗೆ, ಅಲ್ಲಿ ಹಿಡಿಸದ್ದು ರಾಮದಾಸರ ಕಾಲಡಿಗೆ. ತುಪ್ಪದ ಡಬ್ಬದ ಮೇಲೆ ಒಂದು ಪಾದ, ಒಲೆಯ ಪೆಟ್ಟಿಗೆಯ ಮೇಲೆ ಇನ್ನೊಂದು. ಮೊಣಕಾಲು ಗಲ್ಲಕ್ಕೆ ಬಂದಿತ್ತು. ಎದುರಿಗೆ ಮೋಹಿನಿಯಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟು, ಕಾಲು ನೀಡಿ, ಕಿಟಕಿಯಾಚೆ ಹಿನ್ನೀರು ನೋಡುತ್ತ ಕೊಲ್ಲಂ ಬರುವವರೆಗೆ ಸುಖವಾಗಿ ಕೂತಿದ್ದರು. ಕೊಲ್ಲಂ ದಾಟಿದ ಮೇಲೆ ನಿದ್ದೆ ಮಾಡಿದರು.

ತಿರುವನಂತಪುರದಲ್ಲಿ ಇಳಿದಾಗ ಒಂಬತ್ತೂವರೆ. ಕೃಷ್ಣಾನಂದರ ಮನೆ ನೆಂಟರಿಂದ ತುಂಬಿದ್ದರಿಂದ ಇವರಿಗೆ ಹತ್ತಿರದ ಲಾಡ್ಜಿನಲ್ಲಿ ರೂಮು ಹೇಳಿದ್ದರು. ಆದರೆ ರೂಮು ಸಿಗುವುದು ಹನ್ನೆರಡಕ್ಕೆ. ಏಳು ನಗಗಳನ್ನೂ ಕಂಬದ ಬುಡದಲ್ಲಿ ಪೇರಿಸಿ ಎಣಿಸಿಯಾದ ಮೇಲೆ ರಾಮದಾಸರು ಬೆವರು ಒರೆಸಿಕೊಂಡರು. ಆಮೇಲೆ ಅವರ ಬಾಯಿಂದ ತಾನಾಗಿ ಆ ಮಾತು ಬಂತು.

"ಸುಧನ್ವ, ನೀನೂ ನಿಶಾನೂ ಲಾಡ್ಜಿಗೆ ಹೋಗಿ ಬೇಗ ರೂಮು ಸಿಗ್ತದಾ ಕೇಳಿ. ನಾನು ಒಂದು ಮಸಾಲೆ ದೋಸೆ ತಿಂದು ಬರ್ತೇನೆ. ಮೋಹಿನಿ, ನೀನು ಇಲ್ಲಿ ಸಾಮಾನಿನ ಹತ್ತಿರ..."

ಮೋಹಿನಿಯಮ್ಮ ಬ್ಯಾಗಿನ ಪಟ್ಟಿ ಎರಡೂ ಹೆಗಲಿಗೆ ಏರಿಸಿದರು. "ನಾನು ನೀರುಕುದುರೆ ನೋಡಿಕೊಂಡು ಬರ್ತೇನೆ."

"ಈಗಲಾ?"

"ಮತ್ತೆ ಯಾವಾಗ? ನಾಳೆ ಹೋಮ, ನಾಳೆ ಸಂಜೆ ರೈಲು."

"ಅಜ್ಜೀ, ಞಾನುಂ!" ತಾನೂ ಬರುತ್ತೇನೆಂದು ಸಮೀಕ್ಷಾ ಸೆರಗು ಹಿಡಿದಳು.

"ಇದನ್ನೆಲ್ಲ ಯಾರು ನೋಡುದು?"

"ಸಾಮಾನು ಇಡ್ಲಿಕ್ಕೆ ಕ್ಲೋಕ್ ರೂಮ್ ಉಂಟು, ಅಕೋ, ಆ ಕಡೆ. ಮೂವತ್ತೈದು ವರ್ಷದಿಂದ ನೋಡ್ತಾ ಇದ್ದೇನೆ."

"ಅಣ್ಣನ ಹೋಮದ ತುಪ್ಪ ಉಂಟು ಅದರಲ್ಲಿ! ಯಾರ್ಯಾರದೋ ಕೈಗೆ ಕೊಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ನೀವು ಕೂತ್ಕೊಳ್ಳಿ. ಈ ಕಂಬದ ಹತ್ತಿರ ಗಾಳಿ ಬರ್ತದೆ."

ಅಜ್ಜಿ ಮೊಮ್ಮಗಳು ಮೆಟ್ಟಿಲು ಹತ್ತಿ ಹೋದರು, ಒಂದೂ ಕಡೆ ನಿಲ್ಲದೆ. ಸುಧನ್ವನೂ ನಿಶಾಳೂ ಒಬ್ಬರ ಮುಖ ಒಬ್ಬರು ನೋಡಿ ತಮ್ಮ ಟ್ರಾಲಿ ಎಳೆದುಕೊಂಡು ಲಾಡ್ಜಿನ ದಾರಿ ಹಿಡಿದರು. "ಅಪ್ಪ, ಬೇಗ ಬರ್ತೇವೆ," ಎಂದು ಸುಧನ್ವ ಹೇಳಿದ. ಲಾಡ್ಜಿನ ಮ್ಯಾನೇಜರು ಬಂದಿರಲಿಲ್ಲ, ಅವರು ಅಲ್ಲೇ ಸೋಫಾದಲ್ಲಿ ನಿದ್ದೆ ಹೋದರು.

ಮೃಗಾಲಯದಲ್ಲಿ ನೀರುಕುದುರೆಯ ಕೊಳ ಹಸಿರುಗಟ್ಟಿ ನಿಶ್ಚಲವಾಗಿತ್ತು. ನೀರಿನ ಮೇಲೆ ಎರಡು ಸಣ್ಣ ಕಿವಿ, ಅವುಗಳ ಮುಂದೆ ಎರಡು ಮೂಗಿನ ಹೊಳ್ಳೆ. ಬೇರೇನೂ ಇಲ್ಲ. ಹತ್ತು ನಿಮಿಷ ಕಾದು ಮೋಹಿನಿಯಮ್ಮ ಗಂಡನಿಗೆ ಫೋನು ಮಾಡಿದರು.

"ಇಲ್ಲಿ ಎರಡು ಕಿವಿ ಮಾತ್ರ ಕಾಣುದು. ನೀವು ಬಾಯಿ ನೋಡಿದ್ದು ಎಲ್ಲಿ ನಿಂತು?"

ಆ ಕಡೆ ರೈಲಿನ ಸೂಚನೆ ಮೂರು ಭಾಷೆಯಲ್ಲಿ ಕೇಳಿ ಮುಗಿಯಿತು.

"ಮೋಹಿನಿ, ನಾನು ನೋಡಿದ್ದೂ ಕಿವಿ ಮಾತ್ರ."

"ಮತ್ತೆ ಅಷ್ಟು ದೊಡ್ಡ ಬಾಯಿ?"

"ನೀನು ಒಂದೂವರೆ ಗಂಟೆ ಗೇಟಿನಲ್ಲಿ ಕೂತಿದ್ದಿ. ಹೊಸ ಹೆಂಡತಿ. ಬಂದು ಎರಡು ಕಿವಿ ನೋಡಿದೆ ಅಂತ ಹೇಗೆ ಹೇಳುದು?" ದನಿ ತಗ್ಗಿಸಿ, "ಈಗ ಬೇಗ ಬಾ," ಎಂದರು.

"ಯಾಕೆ?"

"ಸುಮ್ಮನೆ. ಬೇಗ ಬಾ."

"ಅದು ಏಳ್ಲಿ, ಬರ್ತೇನೆ," ಎಂದು ಅವರು ಫೋನು ಇಟ್ಟರು.

ಅದು ಎದ್ದದ್ದು ಮುಕ್ಕಾಲು ಗಂಟೆಯ ಮೇಲೆ. ಮೊದಲು ನೀರು ಉಬ್ಬಿತು. ಮತ್ತೆ ಒಂದು ಕರೀ ಬಂಡೆ ನಿಧಾನಕ್ಕೆ ದಡಕ್ಕೆ ಹತ್ತಿತು. ಬಾಯಿ ತೆರೆಯಲಿಲ್ಲ. ನೆರೆದವರತ್ತ ಬೆನ್ನು ತಿರುಗಿಸಿ, ಮೋಟು ಬಾಲವನ್ನು ಫ್ಯಾನಿನ ಹಾಗೆ ಪಟಪಟನೆ ಬೀಸುತ್ತ ಸಗಣಿ ಹಾಕತೊಡಗಿತು. ಅದು ಗೋಡೆಗೂ ಬಡಿಯಿತು, ಮರಕ್ಕೂ ಬಡಿಯಿತು. ಬಿಳಿ ಅಂಗಿಯ ಒಬ್ಬ ಮಹನೀಯರು ಹಿಂದಕ್ಕೆ ಹಾರಿದರು. ಮಕ್ಕಳು ಕಿರುಚಿದರು. ಮೋಹಿನಿಯಮ್ಮ ಕಂಬಿ ಹಿಡಿದು ನಕ್ಕರು. ನಿಲ್ಲಿಸಲು ನೋಡಿ ಮತ್ತೆ ನಕ್ಕರು. ಕಣ್ಣಿನಲ್ಲಿ ನೀರು ಬಂತು. ಅಜ್ಜಿ ಹೀಗೆ ನಗುವುದನ್ನು ಸಮೀಕ್ಷಾ ಎಂದೂ ನೋಡಿರಲಿಲ್ಲ. ಅವಳು ನೀರುಕುದುರೆ ಬಿಟ್ಟು ಅಜ್ಜಿಯನ್ನೇ ನೋಡಿದಳು.

ಇತ್ತ ರಾಮದಾಸರ ಪರಿಸ್ಥಿತಿ ಬೇರೆಯಾಗಿತ್ತು. ದೋಸೆಗೆ ಹೋಗಲಾಗದ ಬೇಸರಕ್ಕೆ ಅವರು ಮಾರುತ್ತ ಬಂದವನಿಂದ ಎರಡು ಚಹಾ ಕುಡಿದಿದ್ದರು. ರೈಲಿನಲ್ಲಿ ಒಂದು ಆಗಿತ್ತು. ಅದರ ಮೇಲೆ ನೀರು. ಹತ್ತೂವರೆಗೆ ಸುಧನ್ವನಿಗೆ ಫೋನು ಮಾಡಿದರು, ಎತ್ತಲಿಲ್ಲ. ಪಕ್ಕದ ಬೆಂಚಿನವನನ್ನು ಸಾಮಾನು ನೋಡಿಕೊಳ್ಳಲು ಹೇಳೋಣವೆಂದರೆ ಅವನು ಮೊದಲಿನಿಂದಲೂ ತುಪ್ಪದ ಡಬ್ಬವನ್ನೇ ನೋಡುತ್ತಿದ್ದ ಹಾಗೆ ತೋರಿತು. ಕಡೆಗೆ ಅವರು ಸಾಮಾನನ್ನೇ ಶೌಚಾಲಯದ ಕಡೆಗೆ ಸಾಗಿಸಲು ಹೊರಟರು. ಒಂದು ನಗ ಹತ್ತು ಹೆಜ್ಜೆ ಎಳೆದು ಇಡುವುದು, ಉಳಿದ ಆರರ ಮೇಲೆ ಕಣ್ಣಿಟ್ಟು ಹಿಂದೆ ಬರುವುದು, ಇನ್ನೊಂದನ್ನು ಎಳೆಯುವುದು. ಕಾಲು ಗಂಟೆಯಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಹೋದರು.

ಹೀಗೆ ವಿಚಿತ್ರವಾಗಿ ಓಡಾಡುವ ಮುದುಕರನ್ನು ಕಂಡು ರೈಲ್ವೆ ಪೊಲೀಸಿನವನೊಬ್ಬ ಬಂದ. ಇವೆಲ್ಲ ಯಾರದ್ದು ಎಂದು ಕೇಳಿದ. ಎಲ್ಲವೂ ತನ್ನದೇ ಎಂದರು ರಾಮದಾಸರು. ಒಬ್ಬರದ್ದೇ? ಒಬ್ಬರದ್ದೇ. ಈ ಚಪ್ಪಟೆ ಕಟ್ಟಿನಲ್ಲೇನು? ಹಾಸಿಗೆ. ಇಷ್ಟು ತೆಳು ಹಾಸಿಗೆಯೇ? ಪೊಲೀಸಿನವನು ವಿನಯದಿಂದಲೇ, ಬಿಚ್ಚಿ ತೋರಿಸಿ ಸಾರ್, ಎಂದ. ರಾಮದಾಸರು ಕಾಲಿಗೆ ಕಾಲು ಹೆಣೆದು ನಿಂತು ತಾವೇ ಹಾಕಿದ ಗಂಟುಗಳನ್ನು ಬಿಚ್ಚಿದರು. ಗಂಟುಗಳು ಎಂದಿನಂತೆ ಭದ್ರವಾಗಿದ್ದವು. ಕೊನೆಗೆ ಚೀಲದ ಬಾಯಿ ತೆರೆದದ್ದೇ ತಡ, ಉಸ್ಸ್ ಎಂದು ಹಾಸಿಗೆ ಉಸಿರೆಳೆದುಕೊಂಡು ಏಳತೊಡಗಿತು. ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದ. ನೋಡನೋಡುತ್ತಲೇ ಅದು ಪೂರ್ತಿ ಹಾಸಿಗೆಯಾಗಿ, ಚೀಲದಿಂದ ಜಾರಿ, ಪ್ಲಾಟ್‌ಫಾರ್ಮಿನಲ್ಲಿ ಹಾಸಿಕೊಂಡಿತು. ಪೊಲೀಸಿನವನು ತುಟಿ ಕಚ್ಚಿ, ಆಗಲಿ ಸಾರ್, ಎಂದು ಬೇಗ ಬೇಗ ಹೋಗಿಬಿಟ್ಟ. ಅವನು ನಿಂತಿದ್ದರೆ ಐದು ನಿಮಿಷ ಸಾಮಾನು ನೋಡಿಕೊಳ್ಳಲು ಹೇಳಬಹುದಿತ್ತಲ್ಲ ಎಂದು ರಾಮದಾಸರಿಗೆ ಹೊಳೆದದ್ದು ಅವನು ಮರೆಯಾದ ಮೇಲೆ.

ಮೋಹಿನಿಯಮ್ಮ ಬಂದಾಗ ಗಂಡ ಹಾಸಿಗೆಯ ತುದಿಯಲ್ಲಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದರು.

"ಇದೆಂತ, ಇಲ್ಲೇ ಮಲಗಿದ್ದಾ ನೀವು?"

ರಾಮದಾಸರು ಎದ್ದರು, ಚಪ್ಪಲಿ ಹಾಕಲೂ ನಿಲ್ಲದೆ ಓಡಿದರು. ಅರವತ್ನಾಲ್ಕರ ಮನುಷ್ಯ ಹಾಗೆ ಓಡುವುದನ್ನು ಕಂಡು ಕೂಲಿಯವರು ದಾರಿ ಬಿಟ್ಟರು.

ಅವರು ವಾಪಸು ಬಂದದ್ದು ನಿಧಾನಕ್ಕೆ, ಮುಖ ತೊಳೆದುಕೊಂಡು. ಅಜ್ಜಿ ಮೊಮ್ಮಗಳು ಹಾಸಿಗೆಯನ್ನು ಸುರುಳಿ ಸುತ್ತಿ ಅದರ ಮೇಲೆ ಕೂತಿದ್ದರು. ಸಮೀಕ್ಷಾ ಕೈಯನ್ನು ಬಾಲದ ಹಾಗೆ ಬೀಸಿ ಬೀಸಿ ನೀರುಕುದುರೆಯ ಕತೆ ಹೇಳಿದಳು. ರಾಮದಾಸರು ಅರ್ಧ ಮಾತ್ರ ಕೇಳಿದರು. ಹೆಂಡತಿಯ ಪಕ್ಕದಲ್ಲಿ ಕೂತರು.

"ಮೋಹಿನಿ."

"ಎಂತ?"

"ನೀನು ಒಬ್ಬಳೇ ಇಷ್ಟು ಹೊತ್ತು ಕೂರ್ತಿದ್ದಿಯಲ್ಲ. ಮೂರು ಗಂಟೆ, ನಾಲ್ಕು ಗಂಟೆ."

"ಹೌದು."

"ಹೋಗ್ಬೇಕಾದ್ರೆ ಎಂತ ಮಾಡ್ತಿದ್ದಿ?"

ಮೋಹಿನಿಯಮ್ಮ ಸೆರಗಿನ ತುದಿಯಿಂದ ಕನ್ನಡಕ ಒರೆಸಿದರು.

"ನೀರು ಕುಡಿಯುತ್ತಿರಲಿಲ್ಲ."

"ಅಷ್ಟೂ ಹೊತ್ತು?"

"ಹಿಂದಿನ ರಾತ್ರಿ ಊಟ ಆದ ಮೇಲಿಂದ. ಅಭ್ಯಾಸ ಆಗಿಹೋಯಿತು. ಮದುವೆಗೆ ಹೋಗುದಾದ್ರೂ, ಎಲ್ಲಿಗಾದ್ರೂ."

"ನನಗೆ ಹೇಳ್ಬಾರದಿತ್ತಾ?"

"ನೀವು ಸಾಮಾನು ಎಣಿಸ್ತಾ ಇರ್ತಿದ್ದಿರಿ."

ರಾಮದಾಸರು ಏಳು ನಗಗಳತ್ತ ನೋಡಿದರು.

"ಇವತ್ತೂ?"

"ಇವತ್ತೂ ಕುಡಿಲಿಲ್ಲ. ಅಭ್ಯಾಸ ಅಂದೆನಲ್ಲ."

ರಾಮದಾಸರು ಎದ್ದರು. ಯಾರಿಗೂ ಸಾಮಾನು ನೋಡಿಕೊಳ್ಳಲು ಹೇಳಲಿಲ್ಲ. ಅಂಗಡಿಗೆ ಹೋಗಿ ಒಂದು ಲೀಟರಿನ ನೀರಿನ ಬಾಟಲಿ ತಂದು, ಮುಚ್ಚಳ ತಿರುಗಿಸಿ ತೆರೆದು, ಹೆಂಡತಿಯ ಕೈಗೆ ಕೊಟ್ಟರು. ಮೋಹಿನಿಯಮ್ಮ ಒಮ್ಮೆ ಅವರ ಮುಖ ನೋಡಿದರು. ಮತ್ತೆ ತಲೆ ಹಿಂದಕ್ಕೆ ಎತ್ತಿ, ಬಾಟಲಿ ತುಟಿಗೆ ತಾಗಿಸದೆ, ಗಟಗಟನೆ ಕುಡಿಯತೊಡಗಿದರು.

ಆಗ ಸುಧನ್ವನ ಫೋನು ಬಂತು. ರೂಮು ಸಿಕ್ಕಿತ್ತು, ಆಟೋ ಹೊರಗೆ ನಿಂತಿತ್ತು, ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಲು ಬಿಡುವುದಿಲ್ಲವಂತೆ, ಕೂಡಲೇ ಬರಬೇಕಂತೆ.

"ಇರ್ಲಿ, ಕಾಯಲಿ," ಎಂದರು ರಾಮದಾಸರು. "ಅಮ್ಮ ನೀರು ಕುಡಿತಾ ಇದ್ದಾಳೆ."